ಅರವತ್ತಮೂರು ನೀಲಿ ಗೆರೆ

ನನ್ನ ದೊಡ್ಡಮ್ಮನ ಬಗ್ಗೆ ಆಸ್ಪತ್ರೆಯವರು ಹೇಳುವ ಕಥೆಯೊಂದಿದೆ. ಅದರಲ್ಲಿ ಅವಳು ಜಗಳಗಂಟಿ, ಬಾಯಿಬಡುಕಿ, ಕೊಳೆ ಬಟ್ಟೆಯನ್ನು ಸಾಹೇಬರ ಕೋಣೆಗೆ ತಂದು ಕೊಡವಿದ ಹುಚ್ಚಿ. ಮೊದಲ ಎರಡು ಮಾತು ನಿಜವೇ. ಮೂರನೆಯದನ್ನು ಹೇಳುವವರು ಮಾತ್ರ ಏಕೆ ಕೊಡವಿದಳು ಎಂಬುದನ್ನು ನುಂಗಿಬಿಡುತ್ತಾರೆ. ಆ ದಿನ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಾನು ಅವಳ ಜೊತೆಗಿದ್ದೆ. ಸೂಜಿ ಚುಚ್ಚಿದ್ದು ನನ್ನ ಬೆರಳಿಗೆ. ಆದ್ದರಿಂದ ನಾನೇ ಹೇಳುತ್ತೇನೆ, ಸಿಟ್ಟಿನಲ್ಲೇ ಹೇಳುತ್ತೇನೆ. ಇದು ತಣ್ಣಗೆ ಕೂತು ಹೇಳುವ ವಿಷಯವಲ್ಲ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ, ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಏಳು ಮಹಡಿಯ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಲಾಂಡ್ರಿಯಲ್ಲಿ, ಇಪ್ಪತ್ತೆರಡು ವರ್ಷ ಬಟ್ಟೆ ವಿಂಗಡಿಸಿದಳು. ಮೇಲಿನ ವಾರ್ಡುಗಳಿಂದ ಗಂಟುಗಟ್ಟಲೆ ಬಟ್ಟೆ ಟ್ರಾಲಿಯಲ್ಲಿ ಇಳಿದು ಬರುತ್ತದೆ: ಬೆಡ್‌ಶೀಟು, ದಿಂಬಿನ ಕವರು, ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ. ಗಂಟು ಬಿಚ್ಚಿ, ರಕ್ತವಾದದ್ದನ್ನು ಒಂದು ಕಡೆ, ಬರೀ ಕೊಳೆಯಾದದ್ದನ್ನು ಇನ್ನೊಂದು ಕಡೆ ಹಾಕಬೇಕು. ಮಷೀನಿಗೆ ತುಂಬುವವರು ಇಬ್ಬರು ಗಂಡಸರು, ಇಸ್ತ್ರಿಯ ರೋಲರಿನ ಹತ್ತಿರ ಇನ್ನಿಬ್ಬರು. ವಿಂಗಡಿಸುವ ಮೇಜಿನಲ್ಲಿ ನಾವು ಐವರು ಹೆಂಗಸರು. ನಾವು ಆಸ್ಪತ್ರೆಯ ಸಿಬ್ಬಂದಿಯಲ್ಲ, ಕಂಟ್ರಾಕ್ಟರನ ಜನ. ಈ ಒಂದು ಮಾತನ್ನು ನೆನಪಿಡಿ. ಮುಂದೆ ಎಲ್ಲರೂ ಅದನ್ನೇ ಹೇಳುತ್ತಾರೆ.

ಬೆಡ್‌ಶೀಟಿನಲ್ಲಿ ಏನೇನು ಸಿಗುತ್ತದೆ ಎಂದು ಹೇಳಿದರೆ ನಗುತ್ತೀರಿ. ಕನ್ನಡಕ, ಚಮಚ, ಒಮ್ಮೆ ಯಾರದೋ ಪೂರ್ತಿ ಹಲ್ಲುಸೆಟ್ಟು. ಸೂಜಿಯೂ ಸಿಗುತ್ತದೆ. ಪ್ರತಿ ಮಂಚದ ಪಕ್ಕದಲ್ಲೂ ಸೂಜಿ ಹಾಕಲು ಡಬ್ಬಿ ಇದೆ. ಅವಸರದ ಕೈ ಅಷ್ಟು ದೂರ ಚಾಚುವುದಿಲ್ಲ. ಹಾಸಿಗೆಯ ಮೇಲಿಟ್ಟ ಸೂಜಿಯನ್ನು ಮರೆಯುತ್ತಾರೆ, ಬಟ್ಟೆಯನ್ನು ಮುದ್ದೆ ಮಾಡಿ ಗಂಟು ಕಟ್ಟುತ್ತಾರೆ. ಅವರು ಮರೆತದ್ದು ನಮ್ಮ ಬೆರಳಿಗೆ ನೆನಪಾಗುತ್ತದೆ. ಮಷೀನಿನ ಡ್ರಮ್ಮಿಗೆ ಗೀರು ಬಿದ್ದರೆ ಕಂಟ್ರಾಕ್ಟರನಿಂದ ಮೆಮೊ ಬರುತ್ತಿತ್ತು. ಬೆರಳಿಗೆ ಬಿದ್ದರೆ ಯಾರಿಂದಲೂ ಏನೂ ಬರುತ್ತಿರಲಿಲ್ಲ.

ಹೀಗಾಗಿ ದೊಡ್ಡಮ್ಮ ತನ್ನದೇ ವಿದ್ಯೆ ಕಲಿತಿದ್ದಳು. ಬೆಡ್‌ಶೀಟಿನ ಎರಡು ತುದಿ ಹಿಡಿದು, ತೋಳು ನೀಳ ಚಾಚಿ, ಕಲ್ಲಿನ ನೆಲದ ಮೇಲೆ ಒಮ್ಮೆ ಕೊಡವುವುದು, ಕೊಡವಿ ಸುಮ್ಮನೆ ಕಿವಿಗೊಟ್ಟು ನಿಲ್ಲುವುದು. ಬಿದ್ದದ್ದು ಗುಂಡಿಯೋ, ಚಮಚವೋ, ಸೂಜಿಯೋ ಎಂದು ಸದ್ದಿನಲ್ಲೇ ಹೇಳುತ್ತಿದ್ದಳು. ಕಣ್ಣು ಮೋಸ ಮಾಡುತ್ತದೆ, ಕಿವಿ ಮಾಡುವುದಿಲ್ಲ ಎಂದು ನನಗೆ ಮೊದಲ ದಿನವೇ ಪಾಠ ಆಗಿತ್ತು. ಐವರಿಗೆ ಎರಡು ಜೊತೆ ರಬ್ಬರ್ ಗ್ಲೌಸು ಕೊಟ್ಟಿದ್ದರು, ಅದೂ ಮೊಣಕೈವರೆಗೆ ಬರುವ ಗಂಡಸರ ಅಳತೆಯದು. ಅದನ್ನು ಹಾಕಿದರೆ ಕೈ ಕುರುಡಾಗುತ್ತದೆ ಎಂದು ದೊಡ್ಡಮ್ಮ ಮೊಳೆಗೆ ನೇತುಹಾಕಿದ್ದಳು.

ಕೊಡವಿದರೂ ಕೆಲವು ಸೂಜಿ ಬೀಳುವುದಿಲ್ಲ, ಮಡಿಕೆಯಲ್ಲೇ ಕಚ್ಚಿಕೊಂಡಿರುತ್ತವೆ. ಚುಚ್ಚಿದಾಗ ಮೇಜಿನ ಹಿಂದಿನ ಗೋಡೆಯ ಮೇಲೆ ಒಂದು ಗೆರೆ ಎಳೆಯುವುದು ನಮ್ಮವರ ಪದ್ಧತಿ. ಬಟ್ಟೆಗೆ ವಾರ್ಡಿನ ನಂಬರು ಬರೆಯುವ ನೀಲಿ ಶಾಯಿ ಇರುತ್ತದಲ್ಲ, ನೂರು ಸಲ ಒಗೆದರೂ ಹೋಗದ ಶಾಯಿ, ಅದರಿಂದ. ಮೊದಮೊದಲು ಯಾರಾದರೂ ಬಂದು ನೋಡಲಿ, ಕೇಳಲಿ ಎಂದು ಎಳೆದದ್ದಂತೆ. ಯಾರೂ ಬರಲಿಲ್ಲ. ಬರಬರುತ್ತಾ ಅದೇ ಹೆಮ್ಮೆಯಾಯಿತು. ಹೆಚ್ಚು ಗೆರೆ ಇದ್ದವಳೇ ಹಿರಿಯಳು. ಹೊಸಬಳಿಗೆ ಮೊದಲ ಗೆರೆ ಬಿದ್ದ ದಿನ ಎಲ್ಲರಿಗೂ ಟೀ.

ದೊಡ್ಡಮ್ಮನದು ಅರವತ್ತಮೂರು. ಐದೈದರ ಕಟ್ಟು ಮಾಡಿ ಎಳೆದಿದ್ದಳು, ಒಗೆದ ದಿಂಬಿನ ಕವರಿನ ಅಟ್ಟಿಯಷ್ಟು ಅಚ್ಚುಕಟ್ಟು. ಮೇಲಿನ ಮಹಡಿಯವರಿಗೆ ಕಾಮಾಲೆ ಬರದಂತೆ ಮೂರು ಸೂಜಿ ಹಾಕುತ್ತಾರಂತೆ ಎಂಬ ಸುದ್ದಿ ಬಂದಾಗ ಅವಳು ಸೊಂಟದ ಮೇಲೆ ಕೈಯಿಟ್ಟು ನಕ್ಕಿದ್ದಳಂತೆ. “ಅವರಿಗೆ ಮೂರು. ನನಗೆ ನೋಡು ಎಷ್ಟು. ಲಸಿಕೆ ಅಂದ್ರೂ ಅದೇ ತಾನೇ, ಸ್ವಲ್ಪ ಸ್ವಲ್ಪ ಕಾಯಿಲೆ ಒಳಗೆ ಬಿಡೋದು. ಯಾವ ರೋಗ ನನ್ನ ಹತ್ರ ಬರುತ್ತೆ, ಬರಲಿ.” ನಮ್ಮ ಲಾಂಡ್ರಿಯಲ್ಲಿ ಎಲ್ಲರೂ ಇದನ್ನೇ ನಂಬಿದ್ದರು. ಬೆರಳಿಗೆ ಬಿದ್ದ ಕೊಳಕು ಸೂಜಿಯನ್ನೇ ಲಸಿಕೆ ಎಂದು ಎಣಿಸಿಕೊಂಡು, ಅದು ಹೆಚ್ಚಾದಷ್ಟೂ ಮೈ ಗಟ್ಟಿಯಾಯಿತು ಎಂದುಕೊಂಡಿದ್ದರು. ಸೂಜಿಯ ಮಧ್ಯೆಯೇ ಬದುಕುವವರಿಗೆ ಬಿಟ್ಟರೆ ಇನ್ನಾರಿಗೂ ಇಂಥ ಬುದ್ಧಿ ಹೊಳೆಯುವುದಿಲ್ಲ. ಅವರನ್ನು ಬೈಯಲೇ? ಬೈಯುತ್ತೇನೆ. ಆದರೆ ಇಪ್ಪತ್ತೆರಡು ವರ್ಷ ಎರಡು ಮಹಡಿ ಇಳಿದು ಬಂದು ಹಾಗಲ್ಲಮ್ಮ ಎಂದು ಹೇಳದ ಓದಿದವರನ್ನು ಮೊದಲು ಬೈಯುತ್ತೇನೆ. ದೀಪದ ಬುಡದಲ್ಲೇ ಕತ್ತಲೆ.

ನಾನು ಕೆಲಸಕ್ಕೆ ಸೇರಿದ ಹನ್ನೊಂದನೆಯ ದಿನ, ಬೆಳಿಗ್ಗೆ ಹತ್ತಕ್ಕೆ, ನಾಲ್ಕನೇ ವಾರ್ಡಿನ ಬೆಡ್‌ಶೀಟಿನಲ್ಲಿ ನನ್ನದು ಸಿಕ್ಕಿತು. ಕೊಡವಿದೆ, ಕೇಳಿಸಿಕೊಂಡೆ, ಏನೂ ಬೀಳಲಿಲ್ಲ. ಮಡಚಲು ಹೋದಾಗ ಎಡಗೈಯ ತೋರುಬೆರಳಿಗೆ ಆಳವಾಗಿ ಇಳಿಯಿತು. ದೊಡ್ಡಮ್ಮ ಸೂಜಿ ಕಿತ್ತು, ಬೆರಳು ಹಿಂಡಿ, ನಲ್ಲಿಗೆ ಹಿಡಿದಳು. ಆಮೇಲೆ ಶಾಯಿ ತಂದು ತನ್ನ ಗೆರೆಗಳ ಪಕ್ಕದಲ್ಲೇ ನನಗೊಂದು ಗೆರೆ ಎಳೆದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಇವತ್ತು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ. ನಿಜಕ್ಕೂ ಹೆಮ್ಮೆಯಾಗಿತ್ತು ನನಗೆ.

ಟೀ ಕುಡಿಯುತ್ತಿದ್ದಾಗ ಖಾರ ಸಿಸ್ಟರ್ ಇಳಿದು ಬಂದರು. ಲಸಿಕೆ ಕೋಣೆಯ ನರ್ಸ್ ಅವರು. ನಾಲಿಗೆಯ ಗುಣಕ್ಕೆ ಆ ಹೆಸರು. ವಾರ್ಡಿನ ಡ್ಯೂಟಿಯಲ್ಲಿದ್ದಾಗ ಅವರ ಕತ್ತರಿ ಬಟ್ಟೆಯ ಜೊತೆ ಹೋಗಿತ್ತಂತೆ, ಹುಡುಕಲು ಬಂದಿದ್ದರು. ಏನು ವಿಶೇಷ, ಟೀ ಎಂದು ಕೇಳಿದರು. ಹುಡುಗಿಗೆ ಮೊದಲ ಗೆರೆ ಬಿತ್ತು ಎಂದು ದೊಡ್ಡಮ್ಮ ಅವರಿಗೂ ಒಂದು ಕಪ್ ಬಗ್ಗಿಸಿದಳು. ಸಿಸ್ಟರ್ ಗೋಡೆ ನೋಡಿದರು. ಯಾವ ಗೆರೆ, ಏನು ಲೆಕ್ಕ ಎಂದು ಒಂದೊಂದಾಗಿ ಕೇಳಿದರು. ಉತ್ತರ ಕೇಳುತ್ತಾ ಕೇಳುತ್ತಾ ಕೊಳೆ ಬಟ್ಟೆಯ ಗಂಟಿನ ಮೇಲೆಯೇ ಕುಸಿದು ಕೂತರು.

ಆಮೇಲೆ ಎದ್ದು ಶುರು ಮಾಡಿದರು. ಆ ಬೈಗುಳವನ್ನೆಲ್ಲ ಬರೆಯುವುದಿಲ್ಲ. ಬೈಯುತ್ತಲೇ ನನ್ನ ಬೆರಳನ್ನು ಸೋಪು ಹಾಕಿ ಬಹಳ ಹೊತ್ತು ತೊಳೆದರು, ಹಿಂಡಬಾರದು ಎಂದರು. ಧನುರ್ವಾಯುವಿನ ಇಂಜೆಕ್ಷನ್ ಯಾವಾಗ ಆಗಿದ್ದು ಎಂದು ಕೇಳಿದರು. ಶಾಲೆಯಲ್ಲಿ ಎಂದೆ. ಅದು ಮಕ್ಕಳದಲ್ವಾ ಸಿಸ್ಟರ್ ಎಂದು ದೊಡ್ಡಮ್ಮ ಬಾಯಿ ಹಾಕಿದಳು. “ದೊಡ್ಡವರಾದ್ರೆ ಮೈಗೆ ಮರೆವು ಬರುತ್ತಮ್ಮ. ಅದಕ್ಕೆ ಹತ್ತು ವರ್ಷಕ್ಕೊಂದು ಸಲ ನೆನಪು ಮಾಡಬೇಕು. ಬೂಸ್ಟರ್ ಅಂದ್ರೆ ಅದೇ. ಮಕ್ಕಳ ಕಾರ್ಡು ಬೀರುವಿನಲ್ಲಿಟ್ಟು ಪೂಜೆ ಮಾಡ್ತೀರ, ನಿಮ್ಮ ಕಾರ್ಡು ಎಲ್ಲಿ?” ನಮ್ಮ ಯಾರ ಹತ್ತಿರವೂ ಕಾರ್ಡು ಇರಲಿಲ್ಲ.

ಕಾಮಾಲೆಯ ಲಸಿಕೆಯ ಮಾತು ಬಂದಾಗ ದೊಡ್ಡಮ್ಮ ತನ್ನ ಅರವತ್ತಮೂರರ ಕಥೆ ತೆಗೆದಳು. ಸಿಸ್ಟರ್ ಆಗ ಬೈಯಲಿಲ್ಲ, ಅದೇ ಭಯವಾಯಿತು. ನಿಧಾನವಾಗಿ ಬಿಡಿಸಿ ಹೇಳಿದರು. ಈ ಲಸಿಕೆಯಲ್ಲಿ ಜೀವ ಇರುವ ರೋಗ ಇಲ್ಲ, ರೋಗದ ಗುರುತು ಮಾತ್ರ ಇದೆ. ಕೊಳಕು ಸೂಜಿಯಲ್ಲಿ ಇರುವುದು ರೋಗವೇ. ಹೆಪಟೈಟಿಸ್ ಬಿ ಎಂದರೆ ರಕ್ತದಿಂದ ರಕ್ತಕ್ಕೆ ಹತ್ತುವ ಕಾಮಾಲೆ. “ಎಲ್ಲರಿಗೂ ಆಗಲ್ಲ. ಆದವರಲ್ಲಿ ಸುಮಾರು ಜನ ವಾಸಿ ಆಗ್ತಾರೆ. ಕೆಲವರಲ್ಲಿ ಒಳಗೇ ಕೂತುಬಿಡುತ್ತೆ. ವರ್ಷಗಟ್ಟಲೆ ಏನೂ ಗೊತ್ತಾಗಲ್ಲ. ಆಮೇಲೆ ಕಣ್ಣು ಹಳದಿ, ಹೊಟ್ಟೆಯಲ್ಲಿ ನೀರು.”

ಗೋಡೆಯ ಮೂಲೆಯಲ್ಲಿ, ಪೈಪಿನ ಕೆಳಗೆ, ನಲವತ್ತೊಂದು ಹಳೆಯ ಗೆರೆಗಳಿದ್ದವು. ಅವು ರೋಲರ್ ಅಜ್ಜಿಯವು, ಇದೇ ಮೇಜಿನಲ್ಲಿ ದುಡಿದು ಕೊನೆಗೆ ಇಸ್ತ್ರಿಯ ರೋಲರಿಗೆ ಹೋದವಳು. ನಾನು ಸೇರುವ ಮೂರು ವರ್ಷ ಮುಂಚೆ ಅವಳು ಸತ್ತಿದ್ದಳು, ಹೊಟ್ಟೆ ಊದಿ, ಕಣ್ಣು ಹಳದಿಯಾಗಿ. ಕದ್ದು ಕುಡಿಯುತ್ತಿದ್ದಳು, ಅದಕ್ಕೇ ಹೀಗಾಯಿತು ಎಂದು ಇವರೇ ಮಾತಾಡಿಕೊಂಡಿದ್ದರು. ಅವಳ ಶವದ ಪಕ್ಕ ಕೂತು ಕೂಡ ಅದನ್ನೇ ಆಡಿಕೊಂಡಿದ್ದರಂತೆ. ದೊಡ್ಡಮ್ಮ ಆ ಮೂಲೆಯನ್ನೇ ನೋಡುತ್ತಿದ್ದಳು. ಕೈಯಲ್ಲಿದ್ದ ಟೀ ಕೆಳಗಿಟ್ಟು, ಈ ಹುಡುಗಿಗೆ ಏನು ಮಾಡಬೇಕು ಹೇಳಿ ಎಂದಳು.

ಧನುರ್ವಾಯುವಿನದನ್ನು ಸಿಸ್ಟರ್ ಆಗಲೇ ಹಾಕಿದರು. ಇನ್ನೊಂದು ರಕ್ತದ ಕಾಯಿಲೆ, ಎಚ್‌ಐವಿ, ಹತ್ತದಿರಲೆಂದು ಒಂದು ತಿಂಗಳು ನುಂಗುವ ಮಾತ್ರೆಯನ್ನು ಎಮರ್ಜೆನ್ಸಿಯಲ್ಲಿ ಬರೆಸಿಕೊಟ್ಟರು. ಉಳಿದದ್ದು ಎರಡು ಇಂಜೆಕ್ಷನ್. ಒಂದು, ಬೇರೆಯವರ ರಕ್ತದಿಂದ ತೆಗೆದಿಟ್ಟ ಸಿದ್ಧ ರಕ್ಷಣೆ, ಈಗಿಂದೀಗಲೇ ಕಾಯುವಂಥದ್ದು. ಇನ್ನೊಂದು, ಲಸಿಕೆಯ ಮೊದಲ ಡೋಸ್. ಎರಡನ್ನೂ ಇಪ್ಪತ್ತನಾಲ್ಕು ಗಂಟೆಯ ಒಳಗೆ ಹಾಕಿದರೆ ಒಳ್ಳೆಯದು, ತಡವಾದಷ್ಟೂ ಕೆಲಸ ಕಡಿಮೆ. ಅವು ಸಿಬ್ಬಂದಿಗೆ ಮೀಸಲಾದ ಫ್ರಿಜ್ಜಿನಲ್ಲಿದ್ದವು. ತೆಗೆಯಲು ಸೂಪರಿಂಟೆಂಡೆಂಟರ ಸಹಿ ಬೇಕು. ಮರುದಿನದಿಂದ ಎರಡು ದಿನ ಕಚೇರಿಗೆ ರಜೆ. ಅಂದರೆ ನನಗಿದ್ದದ್ದು ಅವತ್ತಿನ ಸಂಜೆ ಐದರವರೆಗೆ.

ಹನ್ನೆರಡು ಗಂಟೆಗೆ ಕಚೇರಿಯ ಗುಮಾಸ್ತನ ಮುಂದೆ ನಿಂತೆವು. ಅವನು ನನ್ನ ಗುರುತಿನ ಚೀಟಿ ತಿರುಗಿಸಿ ನೋಡಿ, ನೀವು ಕಂಟ್ರಾಕ್ಟರನ ಜನ, ಅವರನ್ನು ಕೇಳಿ ಎಂದ. ಕಂಟ್ರಾಕ್ಟರನ ಮೇಸ್ತ್ರಿ ವಾಹನ ನಿಲ್ಲಿಸುವ ಜಾಗದ ಪಕ್ಕ ಒಂದು ಗೂಡಿನಲ್ಲಿ ಕೂರುತ್ತಿದ್ದ. ಸೂಜಿ ಆಸ್ಪತ್ರೆಯದು, ಆಸ್ಪತ್ರೆಯನ್ನೇ ಕೇಳಿ ಎಂದ. ಮತ್ತೆ ಗುಮಾಸ್ತ. ಅವನು ಊಟಕ್ಕೆ ಹೋಗಿದ್ದ. ಬಂದವನು ಮೇಸ್ತ್ರಿಯ ಪತ್ರ ಬೇಕೆಂದ. ಮೇಸ್ತ್ರಿ ಪತ್ರ ಬರೆಯಲು ಕಂಟ್ರಾಕ್ಟರನ ಮೊಹರು ಬೇಕೆಂದ. ಮೊಹರು ಕಂಟ್ರಾಕ್ಟರನ ಮನೆಯಲ್ಲಿತ್ತು. ಸಿಸ್ಟರ್ ಲಸಿಕೆ ಕೋಣೆಯಿಂದ ಮೂರು ಸಲ ಫೋನು ಮಾಡಿದರು, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದು ಮೂರು ಸಲವೂ ಇಟ್ಟುಬಿಟ್ಟರು. ಲಿಫ್ಟು ನಮಗಲ್ಲ, ಮೆಟ್ಟಿಲೇ ಗತಿ. ಕೈ ತೊಳೆದುಕೊಳ್ಳುವುದರಲ್ಲಿ ಆಸ್ಪತ್ರೆಯವರನ್ನು ಮೀರಿಸುವವರು ಲೋಕದಲ್ಲಿ ಇಲ್ಲ.

ಮೂರೂವರೆಗೆ ಗುಮಾಸ್ತ, ಅರ್ಜಿ ಕೊಟ್ಟು ಹೋಗಿ, ರಜೆ ಮುಗಿದ ಮೇಲೆ ಸಮಿತಿಯ ಮುಂದೆ ಇಡುತ್ತೇನೆ ಎಂದ. ಹಿಂತಿರುಗುವಾಗ ಲಸಿಕೆ ಕೋಣೆಯ ಹೊರಗೆ ನೇತುಹಾಕಿದ್ದ ಬೋರ್ಡಿನ ಮುಂದೆ ದೊಡ್ಡಮ್ಮ ನಿಂತಳು. ಅವಳಿಗೆ ಓದು ಬರುತ್ತದೆ, ಒಂದೊಂದೇ ಅಕ್ಷರ ಕೂಡಿಸಿ. ‘ನಮ್ಮ ಎಲ್ಲ ಸಿಬ್ಬಂದಿಗೂ ಹೆಪಟೈಟಿಸ್ ಬಿ ಲಸಿಕೆ, ಮೂರೂ ಡೋಸ್ ಪೂರ್ಣ’ ಎಂದಿತ್ತು. ಕೆಳಗೆ ಹೆಸರುಗಳು. ಸೂಪರಿಂಟೆಂಡೆಂಟರದು ಮೊದಲು. ರೋಗಿಯ ಮೈ ಮುಟ್ಟದ ಗುಮಾಸ್ತನದೂ ಇತ್ತು. ಬಾಗಿಲು ಕಾಯುವವನದೂ ಇತ್ತು. ಅವಳು ಕೊನೆಯ ಸಾಲಿನವರೆಗೂ ಬೆರಳಿಟ್ಟು ಓದಿದಳು. ನೆಲಮಾಳಿಗೆಯ ಒಂದು ಹೆಸರೂ ಇರಲಿಲ್ಲ.

ಅಲ್ಲಿಯವರೆಗೆ ಅವಳಲ್ಲಿದ್ದದ್ದು ಹೆದರಿಕೆ. ಸಿಟ್ಟು ಬಂದದ್ದು ಅಲ್ಲಿ. ದಡದಡ ಮೆಟ್ಟಿಲಿಳಿದಳು. ಆಗಷ್ಟೇ ಬಂದು ನಿಂತಿದ್ದ ಟ್ರಾಲಿಯನ್ನು, ಬಿಚ್ಚದ ಗಂಟುಗಳ ಸಮೇತ, ತಿರುಗಿಸಿದಳು. ನನ್ನನ್ನು ಹಿಂದಿನಿಂದ ತಳ್ಳಲು ಹೇಳಿದಳು. ಡಾಕ್ಟರುಗಳ ಲಿಫ್ಟಿಗೇ ನುಗ್ಗಿಸಿದಳು. ಒಳಗಿದ್ದ ಇಬ್ಬರು ಮೂಗು ಮುಚ್ಚಿಕೊಂಡು ಇಳಿದುಹೋದರು.

ಸೂಪರಿಂಟೆಂಡೆಂಟರ ಕೋಣೆ ಅಗಲವಾಗಿತ್ತು, ನೆಲಕ್ಕೆ ಹೊಳೆಯುವ ಬಿಳಿ ಟೈಲ್ಸು. ಗುಮಾಸ್ತ ಅಡ್ಡ ಬಂದ, ಟ್ರಾಲಿಯ ಮೂತಿ ನೋಡಿ ಪಕ್ಕಕ್ಕೆ ಸರಿದ. ಸಾಹೇಬರು ತಲೆ ಎತ್ತುವಷ್ಟರಲ್ಲಿ ಅವಳು ಮೊದಲ ಗಂಟು ಬಿಚ್ಚಿಯಾಗಿತ್ತು. ಯಾರು ಬಿಟ್ಟರು ಇವರನ್ನು ಎಂದು ಅವರು ಗುಮಾಸ್ತನನ್ನು ಕೇಳಿದರು. ಉತ್ತರ ಕೊಟ್ಟದ್ದು ದೊಡ್ಡಮ್ಮ.

“ಕೆಲಸ ಮಾಡೋಕೆ ಬಂದೆ ಸಾರ್. ಕೆಳಗೆ ಮಾಡಿದ್ರೆ ನಿಮಗೆ ಕೇಳಿಸಲ್ಲ.”

ಕೊಡವಿದಳು. ಕಿವಿಗೊಟ್ಟು ನಿಂತಳು. ಏನೂ ಬೀಳಲಿಲ್ಲ. ಎರಡನೆಯದು, ಏನೂ ಇಲ್ಲ. ಮೂರನೆಯದರಿಂದ ಒಂದು ಚಮಚ ಬಿತ್ತು, ಗುಮಾಸ್ತ ಕಿಸಕ್ಕೆಂದ. ನಾಲ್ಕನೆಯದರಿಂದ ಖಾರ ಸಿಸ್ಟರ ಕತ್ತರಿ. ದಿನವೂ ಬೇಡವೆಂದರೂ ಸಿಗುವ ಸೂಜಿ ಇವತ್ತೊಂದು ದಿನ ಸಿಗದೇ ಹೋದರೆ ಎಂಬ ಭಯ ನನಗೆ. ನೋಡಿ ಎಂಥ ಗತಿ, ಸೂಜಿ ಬೀಳಲಿ ಎಂದು ಹರಕೆ ಹೊರುವಂತಾಗಿತ್ತು. ಏಳನೆಯ ಬೆಡ್‌ಶೀಟು ಕೊಡವಿದಾಗ ಟಿಣ್ ಎಂದಿತು. ಬಹಳ ಸಣ್ಣ ಸದ್ದು, ನಾವು ನಿದ್ದೆಯಲ್ಲೂ ಗುರುತಿಸುವ ಸದ್ದು. ಸೂಜಿ ಟೈಲ್ಸಿನ ಮೇಲೆ ಉರುಳಿಕೊಂಡು ಮೇಜಿನ ಕೆಳಗೆ ಹೋಯಿತು. ಎಂಟನೆಯದರಲ್ಲಿ ಇನ್ನೊಂದು.

ಸಾಹೇಬರು ಎರಡೂ ಕಾಲನ್ನು ಕುರ್ಚಿಯ ಮೇಲಕ್ಕೆ ಎತ್ತಿಕೊಂಡರು.

ದೊಡ್ಡಮ್ಮ ಬೆಡ್‌ಶೀಟು ಕೈಯಲ್ಲಿ ಹಿಡಿದೇ ಅವರ ಕಾಲನ್ನು ನೋಡಿದಳು. “ಹೆದರಬೇಡಿ ಸಾರ್. ನಿಮಗೆ ಮೂರೂ ಆಗಿದೆ, ಬೋರ್ಡಿನಲ್ಲಿ ಮೊದಲನೇ ಹೆಸರೇ ನಿಮ್ಮದು. ನನ್ನ ಮಗಳಿಗೆ ಒಂದೂ ಆಗಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಚುಚ್ಚಿದೆ, ಈಗ ನಾಲ್ಕು ದಾಟಿತು.”

ನನ್ನ ಮಗಳು ಎಂದಳು. ಅಲ್ಲಿಯವರೆಗೆ ಎಲ್ಲರ ಮುಂದೆಯೂ ತಂಗಿಯ ಮಗಳು ಎನ್ನುತ್ತಿದ್ದಳು.

ಅವರು ನಿಯಮ, ಕ್ರಮ, ಸಮಿತಿ ಎಂದು ಏನೋ ಹೇಳತೊಡಗಿದರು. ಅವಳು ಒಂಬತ್ತನೆಯ ಬೆಡ್‌ಶೀಟಿನ ತುದಿ ಹುಡುಕುತ್ತಾ, “ಟ್ರಾಲಿಯಲ್ಲಿ ಇನ್ನೂ ಆರು ಗಂಟಿದೆ ಸಾರ್. ಐದು ಗಂಟೆವರೆಗೂ ಕೊಡವ್ತೀನಿ, ನೀವು ಮಾತಾಡಿ,” ಎಂದಳು. ಸಾಹೇಬರು ಕಾಲು ಕೆಳಗಿಡದೆಯೇ ಸಹಿ ಹಾಕಿದರು. ಐದಕ್ಕೆ ಹತ್ತು ನಿಮಿಷ ಇರುವಾಗ ಖಾರ ಸಿಸ್ಟರ್ ನನಗೆ ಎರಡೂ ಇಂಜೆಕ್ಷನ್ ಕೊಟ್ಟರು. ನೋವಾಯಿತಾ ಎಂದು ಕೇಳಿದವಳು ದೊಡ್ಡಮ್ಮ, ಅರವತ್ತಮೂರು ಗೆರೆಯ ಒಡತಿ.

ಕೊಳೆ ಬಟ್ಟೆಯನ್ನು ಶುಚಿಯಾದ ಜಾಗಕ್ಕೆ ತಂದದ್ದು ತಪ್ಪೇ. ಈಗ ಆ ಮೇಜಿನ ಮುಖ್ಯಸ್ಥೆ ನಾನು, ನನ್ನ ಕೈಕೆಳಗಿನವರು ಹಾಗೆ ಮಾಡಿದರೆ ನಾನೇ ಬಿಡುವುದಿಲ್ಲ. ಅವಳಿಗೆ ನೋಟಿಸು ಬಂತು, ಒಂದು ವಾರ ಕೆಲಸದಿಂದ ಹೊರಗಿಟ್ಟರು. ಎರಡು ಪುಟದ ಆ ನೋಟಿಸಿನಲ್ಲಿ ಟ್ರಾಲಿ ಇತ್ತು, ಲಿಫ್ಟು ಇತ್ತು, ಚಮಚ ಕೂಡ ಇತ್ತು. ಸೂಜಿ ಎಂಬ ಪದ ಒಂದು ಕಡೆಯೂ ಇರಲಿಲ್ಲ.

ಆದರೂ ಸುದ್ದಿ ಏಳು ಮಹಡಿಗೂ ಹಬ್ಬಿತ್ತು. ದೊಡ್ಡಮ್ಮ ಕೆಲಸಕ್ಕೆ ಮರಳಿದ ವಾರ ಲಾಂಡ್ರಿಯ ಎಲ್ಲರಿಗೂ ಲಸಿಕೆ ಎಂದು ಆದೇಶವಾಯಿತು. ಕೈಗೆ ಹೊಂದುವ ಗ್ಲೌಸು ಬಂದವು. ಹಳಬರಿಗೆ ಮೊದಲು ರಕ್ತ ಪರೀಕ್ಷೆ ಎಂದರು ಸಿಸ್ಟರ್. ದೊಡ್ಡಮ್ಮ ಸಾಲಿನಿಂದ ಆಚೆ ನಿಂತಳು. ಅಷ್ಟೆಲ್ಲ ಕೇಳಿದ ಮೇಲೂ, ರೋಲರ್ ಅಜ್ಜಿಯ ಗೆರೆ ನೋಡಿ ಟೀ ಕೆಳಗಿಟ್ಟ ಮೇಲೂ, ತನಗೆ ಮಾತ್ರ ಏನೂ ಆಗಿಲ್ಲ ಎಂದೇ ಹಟ. ಆಗುವುದಾದರೆ ಇಷ್ಟು ಹೊತ್ತಿಗೆ ಆಗಬೇಕಿತ್ತಲ್ಲ, ಒಂದು ದಿನ ಜ್ವರ ಎಂದು ಮಲಗಿಲ್ಲ ನಾನು ಎಂದಳು. ನನಗೆ ರೇಗಿಹೋಯಿತು. ನೀನು ಕೈ ಕೊಡದಿದ್ದರೆ ನಾನು ಎರಡನೇ ಡೋಸ್ ಹಾಕಿಸಿಕೊಳ್ಳುವುದಿಲ್ಲ ಎಂದೆ. ಹಟದಲ್ಲಿ ನಾನು ಅವಳ ಮಗಳೇ. ಬೈಯುತ್ತಾ ಬಂದು ಕೈ ಚಾಚಿದಳು.

ನಾಲ್ಕು ದಿನದ ಮೇಲೆ ನಮ್ಮಿಬ್ಬರನ್ನೂ ಲಿವರ್ ಡಾಕ್ಟರ ಕೋಣೆಗೆ ಕರೆದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಸುತ್ತಿ ಬಳಸಿ ಹೇಳಲಿಲ್ಲ. ದೊಡ್ಡಮ್ಮನಿಗೆ ಹೆಪಟೈಟಿಸ್ ಬಿ ಇದೆ, ಬಹಳ ವರ್ಷದಿಂದ ಇದೆ, ಲಿವರಿಗೆ ಸ್ವಲ್ಪ ಪೆಟ್ಟಾಗಿದೆ ಎಂದರು. ದಿನವೂ ಒಂದು ಮಾತ್ರೆ, ಆರು ತಿಂಗಳಿಗೊಮ್ಮೆ ಪರೀಕ್ಷೆ, ಹೀಗೆ ನೋಡಿಕೊಂಡರೆ ಬಹಳ ಕಾಲ ಇರಬಹುದು ಎಂದರು.

“ಹಾಗಾದ್ರೆ ಆ ಮೂರು ಸೂಜಿ ನನಗೂ ಹಾಕಿಬಿಡಿ,” ಎಂದಳು ದೊಡ್ಡಮ್ಮ.

“ಈಗ ಹಾಕಿ ಪ್ರಯೋಜನ ಇಲ್ಲಮ್ಮ. ಬರೋಕೆ ಮುಂಚೆ ಹಾಕಬೇಕಿತ್ತು.”

ಯಾವ ಸೂಜಿಯಿಂದ ಬಂತು ಎಂದು ಅವಳು ಕೇಳಿದಳು. ಅದನ್ನು ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಮೊದಲನೆಯದೇ ಇರಬಹುದು, ಹತ್ತನೆಯದೂ ಇರಬಹುದು.

ನೆಲಮಾಳಿಗೆಗೆ ಬಂದವಳು ಮೇಜಿಗೆ ಹೋಗಲಿಲ್ಲ. ಗೋಡೆಯ ಮುಂದೆ ನಿಂತಳು. ತನ್ನ ಗೆರೆಗಳ ಮೇಲೆ ಮೊದಲಿನಿಂದ ಒಂದೊಂದಾಗಿ ಬೆರಳಿಟ್ಟಳು, ಬೋರ್ಡಿನ ಹೆಸರು ಓದಿದಂತೆಯೇ. ಕೆಲವು ಕಡೆ ನಿಂತು, ಇದು ಎರಡನೇ ವಾರ್ಡಿಂದು, ಇದು ಥಿಯೇಟರಿಂದು, ಇದರಲ್ಲಿ ಬಹಳ ರಕ್ತ ಬಂದಿತ್ತು ಎಂದು ತನಗೇ ಹೇಳಿಕೊಳ್ಳುತ್ತಿದ್ದಳು. ಅರವತ್ತಮೂರೂ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದಾಗ ನಾನು ಅವಳ ಕೈ ಹಿಡಿದು ಎಳೆದುಕೊಂಡು ಬಂದೆ.

ನನ್ನ ಹೊಟ್ಟೆ ಉರಿಯುವುದು ಇದಕ್ಕೇ. ಅರವತ್ತಮೂರು ಸಲ ಚುಚ್ಚಿಸಿಕೊಂಡವಳು ಸೂಜಿಗೆ ಹೆದರುವವಳಲ್ಲ. ಅವಳು ಕೆಲಸಕ್ಕೆ ಬಂದ ಮೊದಲ ವರ್ಷ ಯಾರಾದರೂ ಅವಳ ತೋಳು ಹಿಡಿದು ಮೂರೇ ಮೂರು ಶುದ್ಧ ಸೂಜಿ ಹಾಕಿದ್ದರೆ ಆಗಿತ್ತು. ಫ್ರಿಜ್ಜು ಎರಡು ಮಹಡಿ ಮೇಲೆ ಇತ್ತು. ಆ ಕೋಣೆಯ ಪರದೆಯನ್ನೂ ಅವಳೇ ವಿಂಗಡಿಸುತ್ತಿದ್ದಳು.

ಮನೆಯವರಿಗೂ ಪರೀಕ್ಷೆ ಆಯಿತು. ದೊಡ್ಡಪ್ಪನಿಗೆ ಏನೂ ಇರಲಿಲ್ಲ, ಲಸಿಕೆ ಹಾಕಿದರು. ಬಸ್ಸು ಓಡಿಸುವ ಮನುಷ್ಯ, ಗಂಟಲು ಏರಿಸಿದರೆ ಬೀದಿಯೇ ಪಕ್ಕಕ್ಕೆ ಸರಿಯಬೇಕು. ಸೂಜಿ ನೋಡಿ ಕುರ್ಚಿಯಿಂದ ಜಾರಿ ಬಿದ್ದ. ಆ ತಿಂಗಳಲ್ಲಿ ದೊಡ್ಡಮ್ಮ ನಕ್ಕದ್ದು ಅದೊಂದು ಸಲ.

ನನ್ನ ಎರಡನೆಯ ಡೋಸ್ ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ ಆಯಿತು. ತಾರೀಖು ನನಗಿಂತ ದೊಡ್ಡಮ್ಮನಿಗೆ ಬಾಯಿಪಾಠ. ಅದಾಗಿ ಒಂದೂವರೆ ತಿಂಗಳಿಗೆ ರಕ್ತ ಪರೀಕ್ಷೆ ಮಾಡಿ, ರೋಗ ಹತ್ತಿಲ್ಲ, ರಕ್ಷಣೆ ಚೆನ್ನಾಗಿ ಬಂದಿದೆ ಎಂದು ಸಿಸ್ಟರ್ ಚೀಟಿ ಕೊಟ್ಟರು. ಇದಕ್ಕೆ ಇನ್ನು ಬೂಸ್ಟರ್ ಬೇಡ, ಧನುರ್ವಾಯುವಿನದು ಹತ್ತು ವರ್ಷಕ್ಕೆ, ಆಸ್ಪತ್ರೆಯಲ್ಲಿ ದುಡಿಯುವವಳಾದ್ದರಿಂದ ಫ್ಲೂ ಲಸಿಕೆ ಪ್ರತಿ ವರ್ಷ ಎಂದು ನನ್ನ ಕಾರ್ಡಿನಲ್ಲಿ ಬರೆದರು.

ಚೀಟಿ ಹಿಡಿದು ಕೆಳಗೆ ಬಂದರೆ ದೊಡ್ಡಮ್ಮ ಎಲ್ಲರಿಗೂ ಟೀ ಹೇಳಿದ್ದಳು. ಇನ್ನು ಮೇಲೆ ಟೀ ಗೆರೆಗಲ್ಲ, ಈ ಚೀಟಿಗೆ ಎಂದು ಅವಳದೇ ಕಾನೂನು. ನಮ್ಮ ಕಪ್ಪುಗಳೆಲ್ಲ ತಟ್ಟೆಯಲ್ಲಿ ಒಟ್ಟಿಗಿದ್ದವು. ಅವಳದೊಂದು ದೂರ, ಮೇಜಿನ ತುದಿಯಲ್ಲಿತ್ತು. ಅದರ ಹಿಡಿಯ ಪಕ್ಕದಲ್ಲಿ ಒಂದು ನೀಲಿ ಗೆರೆ. ಒಗೆದರೆ ಹೋಗದ ಅದೇ ಶಾಯಿ.

ಎಷ್ಟು ದಿನದಿಂದ ಹೀಗೆ ಮಾಡುತ್ತಿದ್ದಳೋ, ನನ್ನ ಕಣ್ಣಿಗೆ ಬಿದ್ದದ್ದು ಅವತ್ತು. ಕಪ್ಪಿನಿಂದ, ಊಟದಿಂದ, ಮುಟ್ಟುವುದರಿಂದ ಅದು ಹರಡುವುದಿಲ್ಲ ಎಂದು ಸಿಸ್ಟರ್ ಹತ್ತು ಸಲ ಹೇಳಿದ್ದರು, ಡಾಕ್ಟರೂ ಹೇಳಿದ್ದರು. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಎಳೆದುಕೊಂಡಿದ್ದಳು. ಸಾಹೇಬರ ಮೇಲೆ, ಗುಮಾಸ್ತನ ಮೇಲೆ, ಆ ಬೋರ್ಡಿನ ಮೇಲೆ ನನಗೆ ಬಂದ ಸಿಟ್ಟನ್ನೆಲ್ಲ ಕೂಡಿಸಿದರೂ ಆ ಒಂದು ಗೆರೆ ನೋಡಿ ಬಂದಷ್ಟಾಗುವುದಿಲ್ಲ.

ನಾನು ಹೋಗಿ ಆ ಕಪ್ಪನ್ನು ಎತ್ತಿಕೊಂಡೆ. ಅವಳು ಕೈ ಚಾಚಿ ತಡೆಯಲು ಬಂದಳು, ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು. ಅವಳು ಅರ್ಧ ಕುಡಿದಿಟ್ಟಿದ್ದ ಟೀ, ಆರಿಹೋಗಿತ್ತು. ಅವಳ ಎದುರಿಗೇ ನಿಂತು ಪೂರ್ತಿ ಕುಡಿದೆ.